ಬಳಪದ ಹುಡಿಯೂ ಎದೆಯ ಪೊರೆಯೂ

ಬೇಲೂರು ಹಳೇಬೀಡುಗಳ ಶಿಲ್ಪಿಯ ಉಳಿಗೆ ಬೆಣ್ಣೆಯಂತೆ ಒದಗಿದ ಬಳಪದ ಕಲ್ಲನ್ನು ಕುರಿತು ನಾವು ಕನ್ನಡಿಗರು ಬೇಕಾದಷ್ಟು ಬರೆದಿದ್ದೇವೆ. ಬಳಪಕ್ಕೆ ಆ ನುಣುಪನ್ನು ಕೊಡುವ ಖನಿಜ ಟಾಲ್ಕು. ಮೆಗ್ನೀಸಿಯಮ್ಮಿನ ಒಂದು ಸಿಲಿಕೇಟು. ಮೈಗೆ ಹಚ್ಚುವ ಪೌಡರಿನ ಮೂಲದ್ರವ್ಯವೂ ಬಹುಕಾಲ ಅದೇ ಆಗಿತ್ತು. ಇಂಥ ಹುಡಿಯನ್ನು ವೈದ್ಯರು ಮನುಷ್ಯನ ಎದೆಯೊಳಕ್ಕೆ ಊದಿದರು. ಅದರ ಮೆದುತನಕ್ಕಾಗಿ ಅಲ್ಲ, ಅದು ಅಲ್ಲಿ ಎಬ್ಬಿಸುವ ಉರಿಯೂತಕ್ಕಾಗಿ! ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದು.

ಶ್ವಾಸಕೋಶವನ್ನು ಎರಡು ಪದರದ ಪೊರೆ ಹೊದ್ದಿದೆ. ಒಳಪದರ ಶ್ವಾಸಕೋಶಕ್ಕೆ ಅಂಟಿದ್ದರೆ ಹೊರಪದರ ಎದೆಗೂಡಿನ ಒಳಮೈಗೆ. ನಡುವಣ ಎಡೆಯಲ್ಲಿ ನೀರೋ ಗಾಳಿಯೋ ತುಂಬಿತೆಂದರೆ ಶ್ವಾಸಕೋಶ ಕುಗ್ಗಿ ಉಸಿರು ಕಟ್ಟುತ್ತದೆ. ಎಡೆಯೇ ಇಲ್ಲದಂತೆ ಎರಡನ್ನೂ ಬೆಸೆದುಬಿಟ್ಟರೆ ತುಂಬುವುದೆಲ್ಲಿ?

1935ರಲ್ಲಿ ಈ ಹುಡಿಯ ವಿಧಾನವನ್ನು ಪ್ರಕಟಿಸಿದವನು ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್. ಆತನ ಉದ್ದೇಶ ಬೇರೆ: ರೋಗ ತಗುಲಿದ ಹಾಲೆಯೊಂದನ್ನು ಕತ್ತರಿಸಿ ತೆಗೆಯುವ ಮುನ್ನ ಉಳಿದ ಶ್ವಾಸಕೋಶವನ್ನು ಎದೆಗೋಡೆಗೆ ಅಂಟಿಸಿಡುವುದು. ಆತ ತಾನೇ ಕ್ಷಯದಿಂದ ನರಳಿದವನು. ಅಮೆರಿಕದ ಸ್ಯಾರನಾಕ್ ಲೇಕಿನ ಆರೋಗ್ಯಧಾಮದಲ್ಲಿ 1927ರಲ್ಲಿ ಇದೇ ಎಡೆಗೆ ಗಾಳಿ ಹಾಕಿಸಿಕೊಂಡು, ಶ್ವಾಸಕೋಶವನ್ನು ಕುಗ್ಗಿಸಿ, ಬದುಕಿ ಬಂದಿದ್ದ. ಗಾಳಿ ತುಂಬಿಸಿಕೊಂಡು ಉಳಿದವನೇ ಎಡೆಯನ್ನು ಮುಚ್ಚುವ ದಾರಿಯನ್ನೂ ಹುಡುಕಿದ! 1938ರಲ್ಲಿ ಚೀನಕ್ಕೆ ಹೋಗಿ, ಶಸ್ತ್ರಕ್ರಿಯೆಯ ವೇಳೆ ಬೆರಳಿಗಾದ ಗಾಯ ನಂಜೇರಿ ಮರುವರ್ಷ ತೀರಿಕೊಂಡ. ಸೊಲ್ಲಾಪುರದ ಡಾಕ್ಟರ್ ಕೋಟ್ನಿಸರು ಬಳಿಕ ಅಲ್ಲಿ ನಡೆಸಿದ ಆಸ್ಪತ್ರೆಗೆ ಇದ್ದುದು ಈತನ ಹೆಸರೇ.

ಮುಂದೆ ಈ ಹುಡಿ ಕ್ಯಾನ್ಸರಿನಿಂದ ಎದೆಯಲ್ಲಿ ಮತ್ತೆ ಮತ್ತೆ ನೀರು ಸೇರುವವರ ಪಾಲಿಗೆ ಆಸರೆಯಾಯಿತು. ಹುಡಿ ತಾಗಿದೊಡನೆ ಪೊರೆ ಕೆರಳುತ್ತದೆ, ಜ್ವರ ಬರುತ್ತದೆ, ಎದೆ ನೋಯುತ್ತದೆ. ಕೆರಳಿದ ಪದರಗಳು ಕೂಡಿಕೊಳ್ಳುತ್ತವೆ. ಉರಿಯೂತವಿಲ್ಲದೆ ಬೆಸುಗೆಯಿಲ್ಲ. ಆದರೆ ಉರಿ ಪೊರೆಯಲ್ಲೇ ನಿಲ್ಲಬೇಕಲ್ಲ? 1983ರಲ್ಲಿ ಅಮೆರಿಕದ ವೈದ್ಯರು ಮೂವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು: ಚಿಕಿತ್ಸೆಯಾದ ಮೇಲೆ ಶ್ವಾಸಕೋಶಗಳೇ ಊದಿಕೊಂಡು ಉಸಿರಾಟ ಕುಸಿದಿತ್ತು. ಅಂಥ ವರದಿಗಳು ಬೇರೆಡೆಗಳಿಂದಲೂ ಬಂದವು, ಸಾವುಗಳೂ ಸಂಭವಿಸಿದವು. ಉಪಶಮನಕ್ಕೆಂದು ಬಂದವರು ಇವರು ಎಂಬುದನ್ನು ನೆನೆದರೆ ಇದನ್ನು ಅಪರೂಪದ ತೊಡಕೆಂದು ಹೇಳಿ ಮುಂದೆ ಸಾಗಲು ನನಗೆ ಮನಸ್ಸಾಗದು.

ದೋಷ ಬಹುಮಟ್ಟಿಗೆ ಕಣದ ಗಾತ್ರದಲ್ಲಿತ್ತು. ತೀರ ಸಣ್ಣ ಕಣಗಳು ಪೊರೆಯನ್ನು ದಾಟಿ ರಕ್ತಕ್ಕೆ ಸೇರಿ ಮೈಯೆಲ್ಲ ಹರಡಬಲ್ಲವು. ಸಣ್ಣ ಕಣಗಳು ಬೆರೆತ ಹುಡಿಯಿಂದ ಉರಿಯೂತವೂ ರಕ್ತದಲ್ಲಿ ಆಮ್ಲಜನಕದ ಇಳಿತವೂ ಹೆಚ್ಚೆಂದು 2004ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಜರಡಿ ಹಿಡಿದಂತೆ ದೊಡ್ಡ ಕಣಗಳನ್ನಷ್ಟೇ ಉಳಿಸಿಕೊಂಡ ಹುಡಿಯನ್ನು 558 ರೋಗಿಗಳಿಗೆ ಹಾಕಲಾಗಿತ್ತು. ಒಬ್ಬರಿಗೂ ಆ ಭೀಕರ ತೊಂದರೆ ತಲೆದೋರಲಿಲ್ಲ. ಬೆಥೂನನ ಲೇಖನದಿಂದ ಇಲ್ಲಿಗೆ ಎಪ್ಪತ್ತೆರಡು ವರ್ಷ.

ಈಗಲೂ ಹುಡಿ ಹಾಕಿದ ಮೇಲೆ ಬರುವ ಜ್ವರ ಬೆಸುಗೆಯದೋ ಕೇಡಿನದೋ ಎಂದು ತಿಳಿಯಲು ವೈದ್ಯರು ರೋಗಿಯ ಉಸಿರನ್ನೂ ರಕ್ತದ ಆಮ್ಲಜನಕವನ್ನೂ ಕಾದು ನೋಡುತ್ತಾರೆ.