ಕಿವಿ ಮುಟ್ಟಿದರೆ ಆರು ವರ್ಷ

ಹಳ್ಳಿಯ ಶಾಲೆಗೆ ಸೇರಲು ಬಂದ ಮಗುವಿಗೆ ಹಿಂದೆಲ್ಲ ಮೇಷ್ಟ್ರು ಒಂದು ಪರೀಕ್ಷೆ ಇಡುತ್ತಿದ್ದರು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಬೆರಳು ತಾಗಿದರೆ ದಾಖಲಾತಿ. ತಾಗದಿದ್ದರೆ ಬರುವ ವರ್ಷ. ಎಳೆಯ ಮಗುವಿನ ತಲೆ ದೊಡ್ಡದು, ಕೈ ಗಿಡ್ಡ. ಆರೇಳು ವರ್ಷದ ಹೊತ್ತಿಗೆ ಕೈ ನೀಳವಾಗಿ ಕಿವಿ ಎಟುಕುತ್ತದೆ. ಹುಟ್ಟಿದ ದಿನ ಬರೆದಿಡದ ಊರಿನಲ್ಲಿ ಇದು ಸುಲಭದ ಅಳತೆ. ಆದರೆ ಹೊಟ್ಟೆಗೆ ಸಾಲದೆ ಬೆಳವಣಿಗೆ ಕುಂಠಿತವಾದ ಮಗು ವಯಸ್ಸಾಗಿದ್ದರೂ ಹೊರಗೇ ಉಳಿಯುವ ಸಂಭವವಿತ್ತು.

ಮಕ್ಕಳಿಗೆ ವಯಸ್ಸಿನ ಮಿತಿ ಹಾಕಿದ ಕಾನೂನುಗಳೆಲ್ಲ ಇದೇ ತೊಡಕನ್ನು ಎದುರಿಸಿವೆ. ಇಂಗ್ಲೆಂಡಿನ 1833ರ ಕಾರ್ಖಾನೆ ಕಾಯಿದೆ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು. ಆಗ ಅಲ್ಲಿ ಸರ್ಕಾರದ ಜನನ ನೋಂದಣಿಯೇ ಇರಲಿಲ್ಲ. ಅದು ಆರಂಭವಾದದ್ದು 1837ರಲ್ಲಿ. ಮಗುವಿನ ಮೈಕಟ್ಟು ನೋಡಿ ವೈದ್ಯರು ಪ್ರಮಾಣಪತ್ರ ಕೊಡುತ್ತಿದ್ದರು. ಕೂಲಿಯ ಆಸೆಗೆ ತಂದೆತಾಯಿ, ಅಗ್ಗದ ಆಳಿನ ಆಸೆಗೆ ಮಾಲೀಕ, ಇಬ್ಬರೂ ವಯಸ್ಸು ಏರಿಸಿ ಹೇಳುತ್ತಿದ್ದರು. 1837ರಲ್ಲಿ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯ ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ಪರೀಕ್ಷಿಸಿ, ಎತ್ತರಕ್ಕಿಂತ ಹಲ್ಲೇ ವಯಸ್ಸಿಗೆ ನಂಬಿಕೆಯ ಸಾಕ್ಷಿ ಎಂದು ಪಾರ್ಲಿಮೆಂಟಿನ ಮುಂದಿಟ್ಟ.

ಭಾರತದ ಮೊದಲ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ. ಅದು ಹಾಕಿದ ಮಿತಿ ಬರೀ 7 ವರ್ಷ. ಏಳರಿಂದ ಹನ್ನೆರಡರವರೆಗಿನ ಮಕ್ಕಳು ದಿನಕ್ಕೆ 9 ಗಂಟೆ ದುಡಿಯಬಹುದಿತ್ತು. ಮಿತಿ 1891ರಲ್ಲಿ 9ಕ್ಕೆ, 1922ರಲ್ಲಿ 12ಕ್ಕೆ, 1948ರಲ್ಲಿ 14ಕ್ಕೆ ಏರಿತು. ಏಳರಿಂದ ಹದಿನಾಲ್ಕು ಮುಟ್ಟಲು 67 ವರ್ಷ ಹಿಡಿಯಿತು.

ಮದುವೆಯ ವಿಷಯದಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷ್ ಭಾರತಕ್ಕಿಂತ ಮುಂದೆ ಹೆಜ್ಜೆ ಇಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಬಂದ ಕಾನೂನು 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು ತಡೆಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವಾಯಿತು. ಇಂದಿನ ಕಣ್ಣಿಗೆ ಎಂಟು ವರ್ಷದ ಮಿತಿ ಕ್ರೂರವಾಗಿ ಕಾಣಬಹುದು. ತೊಟ್ಟಿಲ ಮಕ್ಕಳಿಗೂ ಮದುವೆ ಮಾಡುತ್ತಿದ್ದ ಕಾಲದಲ್ಲಿ ಅದೇ ದೊಡ್ಡ ಸುಧಾರಣೆ. ಬ್ರಿಟಿಷ್ ಭಾರತದಲ್ಲಿ 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರ ತಿದ್ದುಪಡಿ ಅದನ್ನು 18 ಮತ್ತು 21ಕ್ಕೆ ಏರಿಸಿತು.

ಅಂಕಿ ಏರಿದರೂ ‘ವಯಸ್ಸೆಷ್ಟು’ ಎಂಬ ಪ್ರಶ್ನೆ ಹಾಗೇ ಉಳಿಯಿತು. ಬರಗಾಲದ ವರ್ಷ, ಜಾತ್ರೆಯಾದ ಮರುವಾರ ಎಂದು ತಾಯಿ ನೆನಪಿಟ್ಟ ಹುಟ್ಟಿಗೆ ಶಾಲೆಯ ಮೇಷ್ಟ್ರೇ ತಾರೀಖು ಕೊಡಬೇಕಾಯಿತು. ಶಾಲೆ ತೆರೆಯುವ ದಿನಕ್ಕೆ ವಯಸ್ಸು ಸರಿಹೊಂದಲಿ ಎಂದು ಅನೇಕರಿಗೆ ಬರೆದದ್ದು ಜೂನ್ 1. ಕರ್ನಾಟಕದ ಹಿರಿಯ ತಲೆಮಾರಿನಲ್ಲಿ ಆ ದಿನ ‘ಹುಟ್ಟಿದವರು’ ಅಷ್ಟೊಂದು ಮಂದಿ ಇರುವುದು ಹೀಗೆ. ಕೆಲಸಕ್ಕೆ ಸೇರುವ ದಿನ, ನಿವೃತ್ತಿಯ ದಿನ ಎಲ್ಲವೂ ಆ ಒಂದು ಅಂದಾಜಿನ ಮೇಲೆ ನಿಂತವು.

ಜನನ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ ಕಾಯಿದೆ 1969ರದು. ಆದರೂ ಶಾಲಾ ದಾಖಲೆಯ ತೂಕ ಇಳಿದಿಲ್ಲ. ಕಾನೂನಿನ ಸಂಘರ್ಷಕ್ಕೆ ಸಿಕ್ಕವನು 18 ತುಂಬದವನೇ ಎಂದು ತೀರ್ಮಾನಿಸುವಾಗ, 2015ರ ಬಾಲನ್ಯಾಯ ಕಾಯಿದೆಯಂತೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕ. ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ. ದೊಡ್ಡವರ ಜೈಲೋ, ಬಾಲಮಂದಿರವೋ ಎಂಬುದು ಯಾವುದೋ ಜೂನ್ ತಿಂಗಳಲ್ಲಿ ಮೇಷ್ಟ್ರು ಬರೆದ ಒಂದು ಸಾಲಿನಿಂದ ನಿರ್ಧಾರವಾಗಬಹುದು.

2023ರ ತಿದ್ದುಪಡಿಯ ಪ್ರಕಾರ ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದು ಮುಂತಾದ ಕಡೆ ಜನನ ಪ್ರಮಾಣಪತ್ರವೇ ಆಧಾರ. ಕಾಗದ ಗಟ್ಟಿಯಾದಷ್ಟೂ ಕಾಗದವಿಲ್ಲದವರ ಪಾಡು ಕಷ್ಟ. ಅಲೆಮಾರಿಗಳ, ವಲಸೆ ಕೂಲಿಗಳ ಮಕ್ಕಳೇ ಅದಕ್ಕೆ ಮೊದಲು ಸಿಕ್ಕುವವರು. ಇದನ್ನು ಮನಗಂಡೇ 2009ರ ಶಿಕ್ಷಣ ಹಕ್ಕು ಕಾಯಿದೆ, ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಶಾಲೆಯ ಪ್ರವೇಶ ನಿರಾಕರಿಸಕೂಡದು ಎಂದು ಬರೆದಿಟ್ಟಿದೆ. ಕಿವಿ ಮುಟ್ಟದ ಮಗುವನ್ನು ಮನೆಗೆ ಕಳಿಸುತ್ತಿದ್ದ ಕಾಲಕ್ಕೂ ಇಂದಿಗೂ ಇರುವ ಅಂತರ ಈ ಒಂದು ಮಾತಿನಲ್ಲಿದೆ.