ಕವಚ ಕಳಚಿದ ಚೈನು

ಚೆನ್ನೈನ ಬೆಸೆಂಟ್ ನಗರದಲ್ಲಿ, ಕಡಲಿಗೆ ಹತ್ತಿರದ ಬೀದಿಗಳಲ್ಲಿ, ಹೊಸ ಬೈಕೊಂದನ್ನು ಮಳೆಗಾಲದಲ್ಲಿ ಕೆಲವು ದಿನ ಮುಟ್ಟದೆ ಬಿಟ್ಟರೆ ಮೊದಲು ಬಣ್ಣಗೆಡುವುದು ಅದರ ಚೈನು. ಟ್ಯಾಂಕಿಗೆ ಪೇಂಟು, ಹ್ಯಾಂಡಲ್ಲಿಗೆ ಕ್ರೋಮು ಕಾವಲಿದೆ. ಚೈನಿಗೆ ಇರುವ ದೊಡ್ಡ ರಕ್ಷಣೆ ಎಣ್ಣೆಯ ತೆಳುಪೊರೆಯೊಂದೇ. ಎಲಿಯಟ್ಸ್ ಬೀಚಿನ ಕಡೆಯಿಂದ ಮಧ್ಯಾಹ್ನದ ಮೇಲೆ ಬೀಸುವ ಗಾಳಿ ಉಪ್ಪಿನ ಕಣ ಹೊತ್ತು ತರುತ್ತದೆ. ಪೊರೆ ಒಣಗಿದ ಜಾಗದಲ್ಲಿ ಆ ಉಪ್ಪು ಕೂತು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಉಕ್ಕು ಕೆಂಪಾಗುತ್ತದೆ. ಉಪ್ಪುಗಾಳಿಯ ಈ ಕಾಟ ಮಂಗಳೂರು, ಉಡುಪಿ, ಕಾರವಾರದವರಿಗೆ ಹೊಸದಲ್ಲ. ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ದೇಶದ ಯಾವ ಭಾಗದಲ್ಲಿ ಲೋಹ ಎಷ್ಟು ಬೇಗ ಸವೆಯುತ್ತದೆಂದು ನಕ್ಷೆಯನ್ನೇ ಮಾಡಿದೆ. ಕರಾವಳಿಯ ಅಂಚು ಅದರಲ್ಲಿ ಕೆಟ್ಟ ಹೆಸರಿನ ಜಾಗ. ಇಂಥ ಕಡೆ ಬೈಕ್ ಇಟ್ಟುಕೊಂಡವರಿಗೆ ಸಿಗುವ ಉಪದೇಶ ಒಂದೇ: ಐನೂರು ಕಿಲೋಮೀಟರಿಗೊಮ್ಮೆ ಚೈನು ತೊಳೆಯಿರಿ, ಒರೆಸಿ, ಲ್ಯೂಬ್ ಹೊಡೆಯಿರಿ. ಇದು ಬೈಕ್ ಸವಾರನ ಹಳೆಯ, ಸಹಜ ಧರ್ಮ ಎಂಬಂತೆ ಈಗ ಹೇಳಲಾಗುತ್ತದೆ. ಇತಿಹಾಸ ನೋಡಿದರೆ ಹಾಗೆ ಕಾಣುವುದಿಲ್ಲ. ನಮ್ಮಲ್ಲಿ ಬಹುಪಾಲು ಸವಾರರು ಒಂದೆರಡು ತಲೆಮಾರು ತಮ್ಮ ಚೈನಿನ ಮುಖವನ್ನೇ ನೋಡದೆ ಗಾಡಿ ಓಡಿಸಿದರು. ಈ ಕೆಲಸ ಅವರ ಪಾಲಿಗೆ ಬಂದದ್ದು ಕಾರ್ಖಾನೆಗಳು ಚೈನಿನ ಕವರು ತೆಗೆದ ಮೇಲೆ.

ಚೈನಿಗೆ ಎಣ್ಣೆ ಬೇಕಾಗುವುದು ಎಲ್ಲಿ ಎಂಬುದನ್ನು ಮೊದಲು ತಿಳಿಯಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಟ್ಜರ್ಲೆಂಡ್ ಮೂಲದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಬುಷ್-ರೋಲರ್ ಚೈನಿಗೆ ಪೇಟೆಂಟ್ ಪಡೆದ. ಇಂದಿನ ಬೈಕಿನಲ್ಲಿರುವುದು ಮೂಲತಃ ಅದೇ. ಪ್ರತಿ ಕೊಂಡಿಯಲ್ಲಿ ಒಂದು ಪಿನ್ನು, ಅದರ ಸುತ್ತ ಬುಷ್ಷು, ಅದರ ಹೊರಗೆ ತಿರುಗುವ ರೋಲರು. ಸವೆತದ ಮುಖ್ಯ ಜಾಗ ಪಿನ್ನು ಮತ್ತು ಬುಷ್ಷಿನ ನಡುವೆ, ಕಣ್ಣಿಗೆ ಕಾಣದ ಒಳಗೆ. ಚೈನು ‘ಉದ್ದವಾಯಿತು’ ಎಂದು ಮೆಕ್ಯಾನಿಕ್ಕು ಹೇಳುವಾಗ ಉಕ್ಕು ಎಳೆದುಕೊಂಡಿರುವುದಿಲ್ಲ, ಒಳಗೆ ತೂತು ಸಡಿಲಾಗಿರುತ್ತದೆ. ಕೊಂಡಿಯೊಂದು 12.7 ಮಿ.ಮೀ. ಇರುವ, 118 ಕೊಂಡಿಗಳ ಚೈನಿನಲ್ಲಿ ಪ್ರತಿ ಸಂದಿನಲ್ಲೂ ಮಿಲಿಮೀಟರಿನ ಹತ್ತನೇ ಒಂದು ಭಾಗ ಸವೆದರೆ ಒಟ್ಟು ಉದ್ದ 11.8 ಮಿ.ಮೀ. ಹೆಚ್ಚುತ್ತದೆ. ಆಗ ಚೈನು ಸ್ಪ್ರಾಕೆಟ್ಟಿನ ಹಲ್ಲಿನ ಮೇಲೆ ಸರಿಯಾಗಿ ಕೂರದೆ ಹಲ್ಲನ್ನೂ ಕೊಕ್ಕೆಯಂತೆ ಸವೆಸುತ್ತದೆ. ಧೂಳು ಎಣ್ಣೆಯ ಜೊತೆ ಕಲೆತರೆ ಅರೆಯುವ ಪೇಸ್ಟೇ ಆಗುತ್ತದೆ. ಹೀಗಾಗಿ ಚೈನಿಗೆ ಬೇಕಾದದ್ದು ಎರಡು: ಒಳಗೆ ಎಣ್ಣೆ ಉಳಿಯಬೇಕು, ಹೊರಗಿನ ಧೂಳು, ನೀರು, ಉಪ್ಪು ದೂರ ಇರಬೇಕು.

ಎರಡಕ್ಕೂ ಉತ್ತರ ಬಹಳ ಹಿಂದೆಯೇ ಸಿಕ್ಕಿತ್ತು. ವುಲ್ವರ್‌ಹ್ಯಾಂಪ್ಟನ್ನಿನ ಜಾನ್ ಮಾರ್ಸ್ಟನ್ ತನ್ನ ಸನ್‌ಬೀಮ್ ಸೈಕಲ್ಲುಗಳ ಚೈನನ್ನು ಎಣ್ಣೆ ತುಂಬಿದ ಪುಟ್ಟ ಪೆಟ್ಟಿಗೆಯೊಳಗೆ ಓಡಿಸುತ್ತಿದ್ದ. 1912ರಲ್ಲಿ ಅದೇ ಕಂಪನಿ ಮೋಟಾರ್ ಸೈಕಲ್ ಹೊರತಂದಾಗ ಅದರ ಚೈನು ಕೂಡ ಮುಚ್ಚಿದ ಪೆಟ್ಟಿಗೆಯೊಳಗೇ ಓಡಿತು. ತೆರೆದ ಚೈನಿನ ಬ್ರಿಟಿಷ್ ಬೈಕುಗಳನ್ನು ಕೊಂಡವರ ಪಾಡು ಬೇರೆ. ಚೈನನ್ನು ಲಾಕು ಬಿಚ್ಚಿ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಕರಗಿಸಿದ ಗ್ರೀಸಿನಲ್ಲಿ ಅದ್ದಿ ನೇತುಹಾಕಿ ಎಂದು ಆ ಕಾಲದ ಕೈಪಿಡಿಗಳು ಹೇಳುತ್ತಿದ್ದವು. ಅದಕ್ಕೆಂದೇ ಡಬ್ಬಿಯಲ್ಲಿ ಬರುತ್ತಿದ್ದ ಗ್ರಾಫೈಟ್ ಗ್ರೀಸನ್ನು ಒಲೆಯ ಮೇಲೆ ಬಿಸಿಮಾಡಿ, ಚೈನನ್ನು ಸುರುಳಿ ಸುತ್ತಿ ಡಬ್ಬಿಯೊಳಗೇ ಇಡಬೇಕಿತ್ತು. ಕೆಲವು ಎಂಜಿನ್ನುಗಳಲ್ಲಿ ಉಸಿರುಗೊಳವೆಯಿಂದ ತೊಟ್ಟಿಕ್ಕುವ ಎಣ್ಣೆಯನ್ನು ಹಿಂದಿನ ಚೈನಿನ ಮೇಲೆ ಬೀಳಿಸುವ ಉಪಾಯವೂ ಇತ್ತು; ಚೈನಿಗಿಂತ ಸವಾರನ ಪ್ಯಾಂಟಿಗೆ ಅದರ ಲಾಭ ಹೆಚ್ಚು ಸಿಗುತ್ತಿತ್ತು ಅನ್ನಬೇಕು.

ಈ ತೆರೆದ ಚೈನಿನ ಪರಂಪರೆ ಮದರಾಸಿಗೆ ಬಂದದ್ದು ಬುಲೆಟ್ಟಿನ ಜೊತೆ. ಭಾರತೀಯ ಸೇನೆ 350 ಸಿಸಿ ಬುಲೆಟ್ಟುಗಳಿಗೆ ಆರ್ಡರು ಕೊಟ್ಟ ಬೆನ್ನಿಗೆ, 1955ರಲ್ಲಿ, ರೆಡ್ಡಿಚ್ಚಿನ ರಾಯಲ್ ಎನ್‌ಫೀಲ್ಡ್ ಕಂಪನಿಯೂ ಮದ್ರಾಸ್ ಮೋಟಾರ್ಸೂ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದವು. ಕಾರ್ಖಾನೆ ನಗರದ ಉತ್ತರ ತುದಿಯ ತಿರುವೊಟ್ರಿಯೂರಿನಲ್ಲಿ, ಅದೂ ಕಡಲ ಬದಿಯ ಊರೇ. ಆ ಬುಲೆಟ್ಟಿನಲ್ಲಿ ಎರಡು ಚೈನು ಇದ್ದವು. ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವುದು ಮುಚ್ಚಿದ ಪೆಟ್ಟಿಗೆಯಲ್ಲಿ ಎಣ್ಣೆಯೊಳಗೆ ಓಡುತ್ತಿತ್ತು, ಅದನ್ನು ಯಾರೂ ತೊಳೆಯುತ್ತಿರಲಿಲ್ಲ. ಹಿಂದಿನ ಚಕ್ರದ್ದು ಮಾತ್ರ ಮೇಲೊಂದು ತಗಡು ಹೊದ್ದು ಬಯಲಿಗೆ ಬಿದ್ದಿತ್ತು. ಒಂದೇ ಗಾಡಿ, ಎರಡೂ ರೋಲರ್ ಚೈನೇ. ಒಂದರ ಆರೈಕೆ ಕಾರ್ಖಾನೆಯದು, ಇನ್ನೊಂದರದು ಸವಾರನದು. ಚೈನು ತಯಾರಿಕೆಯೂ ಈ ಸೀಮೆಯಲ್ಲೇ ಬೇರೂರಿತು. 1960ರಲ್ಲಿ ಅಮೆರಿಕದ ಡೈಮಂಡ್ ಚೈನ್ ಕಂಪನಿಯ ಜೊತೆಗೂಡಿ ಟಿಐ ಡೈಮಂಡ್ ಚೈನ್ ಮದರಾಸಿನಲ್ಲಿ ಶುರುವಾಯಿತು. ಕೊಯಮತ್ತೂರಿನ ಎಲ್‌ಜಿ ಬಾಲಕೃಷ್ಣನ್ ಕಂಪನಿಯ ರೋಲಾನ್ ಚೈನು ದೇಶದ ಬಿಡಿಭಾಗದ ಅಂಗಡಿಗಳಿಗೆಲ್ಲ ಹೋಯಿತು.

ಮೈಸೂರು ಬೇರೆ ದಾರಿ ಹಿಡಿದಿತ್ತು. ಯಾದವಗಿರಿಯಲ್ಲಿ 1961ರಿಂದ ಬೈಕು ತಯಾರಿಸಿದ ಐಡಿಯಲ್ ಜಾವಾ ಚೆಕೊಸ್ಲೊವಾಕಿಯದ ವಿನ್ಯಾಸ ತಂದಿತ್ತು, ಆ ವಿನ್ಯಾಸದಲ್ಲಿ ಹಿಂದಿನ ಚೈನು ಪೂರ್ತಿ ಮುಚ್ಚಿತ್ತು. ಸ್ಪ್ರಾಕೆಟ್ಟಿನಿಂದ ಎಂಜಿನ್ನಿನವರೆಗೆ ತಗಡಿನ ಡಬ್ಬಿ, ಚೈನು ಅದರೊಳಗೇ ಸುತ್ತುತ್ತಿತ್ತು. ಪಂಕ್ಚರಾದಾಗ ಚಕ್ರವನ್ನಷ್ಟೇ ಕಳಚಬಹುದಿತ್ತು. ಸ್ಪ್ರಾಕೆಟ್ಟು, ಚೈನು, ಡಬ್ಬಿ ಇದ್ದಲ್ಲೇ ಇರುತ್ತಿದ್ದವು. 1973ರಲ್ಲಿ ಹೆಸರು ಯೆಜ್ಡಿ ಆದ ಮೇಲೂ ಮುಚ್ಚಿದ ಚೈನು ಮುಂದುವರಿಯಿತು. ಮಲೆನಾಡಿನ ಕೆಸರಿನಲ್ಲೂ ಬಯಲುಸೀಮೆಯ ಧೂಳಿನಲ್ಲೂ ಓಡಿದ ಆ ಗಾಡಿಗಳ ಸವಾರರು ಪ್ಲಗ್ಗು ಉಜ್ಜಿದರು, ಪೆಟ್ರೋಲಿಗೆ ಎರಡು ಸ್ಟ್ರೋಕಿನ ಆಯಿಲ್ ಅಳೆದು ಬೆರೆಸಿದರು. ವಾರಕ್ಕೊಮ್ಮೆ ಚೈನು ತೊಳೆಯುವ ಗೋಜಿರಲಿಲ್ಲ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಕೂಡ ಚೈನನ್ನು ಪೂರ್ತಿ ಕವರಿನೊಳಗಿಟ್ಟಿತು, 1994ರ ಸ್ಪ್ಲೆಂಡರ್ ಅದನ್ನೇ ಅನುಸರಿಸಿತು. ಪೆಟ್ರೋಲು ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬ ಹೀರೋ ಹೋಂಡಾದ ಪ್ರಸಿದ್ಧ ಜಾಹೀರಾತು ಮೈಲೇಜಿನ ಬಗ್ಗೆ ಹೇಳಿದ್ದು. ಚೈನಿನ ಮಟ್ಟಿಗೂ ಅದು ಬಹುಮಟ್ಟಿಗೆ ನಿಜವಾಗಿತ್ತು. ಕವರಿಗೆ ಇನ್ನೊಂದು ಕಾರಣವೂ ಇದೆ. ಹಿಂದೆ ಒಂದೇ ಮಗ್ಗುಲಿಗೆ ಕೂರುವ ಹೆಂಗಸರ ಸೀರೆಯ ಸೆರಗು, ದುಪಟ್ಟಾ, ಗಂಡಸರ ಪಂಚೆಯ ಅಂಚು ಚಕ್ರಕ್ಕೆ ಸಿಕ್ಕಿ ಆಗುವ ಅಪಘಾತ ಈ ದೇಶದಲ್ಲಿ ಕಂಡುಬರುವ ಸಮಸ್ಯೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂದಿನ ಚಕ್ರದ ಅರ್ಧಕ್ಕಾದರೂ ತಡೆ ಇರಬೇಕು ಎನ್ನುತ್ತದೆ. ಚೈನಿನ ಬಗ್ಗೆ ಅದೇನೂ ಹೇಳುವುದಿಲ್ಲ, ಆದರೆ ಪೂರ್ತಿ ಕವರು ಬಟ್ಟೆಯನ್ನೂ ಕಾಯುತ್ತಿತ್ತು.

ಕವರು ಬಿದ್ದುಹೋದದ್ದು ಈ ಶತಮಾನದಲ್ಲಿ, ಬೈಕು ಮನೆಮಂದಿಯ ಗಾಡಿಯಷ್ಟೇ ಆಗಿರದೆ ನೋಟದ ವಸ್ತುವೂ ಆದಾಗ. 2007ರ ಬಜಾಜ್ ಪಲ್ಸರ್ 220, 2012ರ ಕೆಟಿಎಂ ಡ್ಯೂಕ್ 200 ಚೈನನ್ನು ಬಯಲಿಗಿಟ್ಟು ಮೆರೆಸಿದವು. ಡ್ಯೂಕ್ ಸೆಂಟರ್ ಸ್ಟ್ಯಾಂಡನ್ನೂ ಕೈಬಿಟ್ಟಿತು. ಚಕ್ರ ನೆಲ ಬಿಟ್ಟು ಮೇಲೇಳದಿದ್ದರೆ ಚೈನು ತೊಳೆಯುವುದು ಕಷ್ಟ. ಆಗ ಬೇರೆ ಸ್ಟ್ಯಾಂಡು, ಮೂರು ಕಡೆ ಕೂದಲಿರುವ ಬ್ರಷ್ಷು, ಸ್ಪ್ರೇ ಡಬ್ಬಿ ಎಲ್ಲವನ್ನೂ ಕೊಳ್ಳಬೇಕು. ಕೆಲಸ ಸವಾರನಿಗೆ ದಾಟಿತು, ಸಾಮಾನಿನ ಖರ್ಚೂ ದಾಟಿತು. ಎಲ್ಲಕ್ಕಿಂತ ಸ್ಪಷ್ಟ ಸಾಕ್ಷಿ ಜಾವಾದ್ದೇ. 2018ರ ನವೆಂಬರಿನಲ್ಲಿ ಅದೇ ಹೆಸರು, ಅದೇ ಉಬ್ಬಿದ ಟ್ಯಾಂಕು, ಅದೇ ಕೆಂಗಂದು ಬಣ್ಣದೊಂದಿಗೆ ಮರಳಿದ ಬೈಕಿನಲ್ಲಿ ಹಳೆಯ ಚೈನಿನ ಡಬ್ಬಿ ಮಾತ್ರ ಮರಳಲಿಲ್ಲ.

ಇದಕ್ಕೆ ಎಂಜಿನಿಯರುಗಳ ಉತ್ತರವಿದೆ, ಅದು ಹಗುರವಾದದ್ದಲ್ಲ. 1970ರ ದಶಕದಿಂದ ಬಳಕೆಗೆ ಬಂದ ಓ-ರಿಂಗ್ ಚೈನಿನಲ್ಲಿ ಪಿನ್ನು-ಬುಷ್ಷಿನ ನಡುವೆ ಗ್ರೀಸು ತುಂಬಿ ಎರಡೂ ಬದಿಗೆ ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ. ಅಂದರೆ ಪೆಟ್ಟಿಗೆ ಮಾಯವಾಗಿಲ್ಲ, ಪ್ರತಿ ಕೊಂಡಿಗೂ ಒಂದೊಂದು ಪುಟ್ಟ ಪೆಟ್ಟಿಗೆ ಬಂದಿದೆ. ಒಪ್ಪಬೇಕಾದ ಮಾತು, ಇಂಥ ಚೈನು ಹಳೆಯದಕ್ಕಿಂತ ಬಹಳ ಬಾಳುತ್ತದೆ. ಆದರೆ ರಬ್ಬರಿನ ಹೊರಗಿರುವ ರೋಲರು, ಪಟ್ಟಿ, ಸ್ಪ್ರಾಕೆಟ್ಟಿನ ಹಲ್ಲು ಉಪ್ಪುಗಾಳಿಗೆ ಒಡ್ಡಿಕೊಂಡೇ ಇವೆ; ಉಂಗುರ ಒಣಗಿ ಬಿರಿದರೆ ಒಳಗಿನ ಗ್ರೀಸು ಹೋದಂತೆಯೇ, ಮತ್ತೆ ತುಂಬುವ ದಾರಿಯಿಲ್ಲ. ಹಾಗಾಗಿ ಈಗಿನ ಆರೈಕೆ ಹಿಂದಿಗಿಂತ ನಾಜೂಕಿನದು. ಹಿಂದೆ ನಡೆಯುತ್ತಿದ್ದ ಪೆಟ್ರೋಲಿನ ತೊಳೆತ, ತಂತಿ ಬ್ರಷ್ಷಿನ ಉಜ್ಜಾಟ ಈ ಉಂಗುರಗಳಿಗೆ ಆಗದು. ಸೀಮೆಎಣ್ಣೆ ಆಗುತ್ತದೆ, ಆದರೆ ರೇಷನ್ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತಿದ್ದ ಆ ಸರಕು ಈಗ ಹುಡುಕಬೇಕಾದ ಸ್ಥಿತಿಯಲ್ಲಿದೆ, ಜನ ಡೀಸೆಲ್ಲಿಗೆ ಕೈಹಾಕುತ್ತಾರೆ. ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲ್ಲನ್ನು ಚೈನಿಗೆ ಸುರಿಯುವ ಗ್ಯಾರೇಜಿನ ಮಿತವ್ಯಯ ಇನ್ನೂ ಇದೆ. ಅದರಲ್ಲಿ ಲೋಹದ ಪುಡಿಯೂ ಮಸಿಯೂ ಇರುತ್ತವೆ, ಎರಡೂ ಚೈನಿಗೆ ಶತ್ರುಗಳೇ.

ಮುಚ್ಚಿದ ಕವರಿನ ಮೇಲೂ ಆಕ್ಷೇಪವಿದೆ: ಕಣ್ಣಿಗೆ ಕಾಣದ್ದನ್ನು ಜನ ಮರೆಯುತ್ತಾರೆ, ಒಳಗೆ ಕೆಸರು ಸೇರಿದರೂ ಗೊತ್ತಾಗುವುದಿಲ್ಲ, ಸರ್ವಿಸಿಗೆ ಬಿಟ್ಟಾಗ ಕವರು ಬಿಚ್ಚುವ ಬೇಸರಕ್ಕೆ ಮೆಕ್ಯಾನಿಕ್ಕು ಮೇಲಿಂದಲೇ ಎಣ್ಣೆ ಬಿಟ್ಟು ಕಳಿಸುತ್ತಾನೆ. ನಿಜ. ಆದರೂ ಸಡಿಲಾದ ಚೈನು ತಗಡಿಗೆ ಬಡಿದು ಟಕಟಕ ಸದ್ದು ಮಾಡಿ ತಾನೇ ದೂರು ಹೇಳುತ್ತಿತ್ತು. ತೆರೆದ ಚೈನನ್ನು ಎಲ್ಲರೂ ನೋಡುತ್ತಾರೆ ಎಂಬುದೂ ಭ್ರಮೆ. ಆಯುಧಪೂಜೆಯ ಬೆಳಿಗ್ಗೆ ಗಾಡಿಗಳಿಗೆ ಪೈಪಿನ ನೀರು ಹೊಡೆದು, ಟ್ಯಾಂಕಿಗೆ ಅರಿಸಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಜೋರು ನೀರು ಚೈನಿನ ಎಣ್ಣೆಯನ್ನು ಕೊಚ್ಚಿಕೊಂಡು ಹೋಗಿರುತ್ತದೆ. ಪೂಜೆ ಮುಗಿದ ಮೇಲೆ ಅದಕ್ಕೆ ಎಣ್ಣೆ ಬಿಡುವವರು ಕಡಿಮೆ. ಇನ್ನು, ಕೈಯಾರೆ ಚೈನು ತೊಳೆಯುವುದರಿಂದ ಗಾಡಿಯ ಮೇಲೆ ಪ್ರೀತಿ ಬೆಳೆಯುತ್ತದೆ ಎನ್ನುವವರಿದ್ದಾರೆ. ಭಾನುವಾರ ಬಿಡುವಿರುವವರಿಗೆ ಅದು ಸಲ್ಲುತ್ತದೆ. ದಿನವಿಡೀ ಊಟದ ಪಾರ್ಸೆಲ್ಲು ಹೊತ್ತು ಬೀಚಿನ ರಸ್ತೆಯಲ್ಲಿ ಅಲೆಯುವ ಡೆಲಿವರಿ ಹುಡುಗನಿಗೆ ಐನೂರು ಕಿಲೋಮೀಟರು ಕೆಲವೇ ದಿನದ ಮಾತು.

ತೆರೆದ ಚೈನು ಕೊಂಡಾಗಿದ್ದರೆ ಕೆಲಸ ಮಾಡದೆ ವಿಧಿಯಿಲ್ಲ. ಎಂಜಿನ್ ಆರಿಸಿ, ಗೇರು ನ್ಯೂಟ್ರಲ್ಲಿಗೆ ತಂದು, ಚಕ್ರವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸುತ್ತ ತೊಳೆಯಬೇಕು. ಎಂಜಿನ್ ಓಡುತ್ತಿರುವಾಗ ಬಟ್ಟೆ ಹಿಡಿದರೆ ಬೆರಳು ಸ್ಪ್ರಾಕೆಟ್ಟಿನ ಪಾಲು. ಒರೆಸಿ ಒಣಗಿದ ಮೇಲೆ ಎಣ್ಣೆಯನ್ನು ಚೈನಿನ ಒಳಮಗ್ಗುಲಿಗೆ ಬಿಡಬೇಕು, ತಿರುಗುವಾಗ ಅದು ತಾನೇ ಹೊರಕ್ಕೆ ಹರಡುತ್ತದೆ. ಹೊಸದನ್ನು ಕೊಳ್ಳುವವರು, ಅದರಲ್ಲೂ ಬೆಸೆಂಟ್ ನಗರದಂಥ, ಮಲ್ಪೆ-ಪಣಂಬೂರಿನಂಥ ಕಡಲಂಚಿನ ಊರಿನವರು, ಶೋರೂಮಿನಲ್ಲಿ ಟ್ಯಾಂಕಿನ ಬಣ್ಣ ಮೆಚ್ಚುವ ಮೊದಲು ಬಗ್ಗಿ ಚೈನಿನ ಕಡೆ ನೋಡಲಿ. ಪೂರ್ತಿ ಕವರಿಲ್ಲದಿದ್ದರೆ, ಹಾಕಿಕೊಡಲು ಆಗುತ್ತದೆಯೇ, ಸೆಂಟರ್ ಸ್ಟ್ಯಾಂಡಿಗೆ ಎಷ್ಟು ಎಂದು ಅಲ್ಲೇ ಕೇಳಲಿ. ನೋಟಕ್ಕೆಂದು ಕವರು ತೆಗೆದ ಕಂಪನಿಗಳು ಕೇಳುವವರಿದ್ದರೆ ಅದನ್ನು ಮತ್ತೆ ಹಾಕಬಲ್ಲವು. ಸ್ಪ್ಲೆಂಡರ್ ಇಂದಿಗೂ ಪೂರ್ತಿ ಮುಚ್ಚಿದ ಚೈನಿನೊಂದಿಗೇ ಮಾರಾಟವಾಗುತ್ತಿದೆ.