ಸೂರ್ಯಪಾನ ಸುಟ್ಟ ರೋಗದ ಜಾಡು

ಮಲಪ್ರಭೆ ದಂಡೆಯ ಶಿವಯೋಗ ಮಂದಿರದ ಸುತ್ತಲಿನ ರೈತರಿಗೆ ಸೂರ್ಯಪಾನ ಗೊತ್ತಿರುವ ಬೆಳೆಯೇ. ಆದರೆ ಜೋಳ, ಕುಸುಬೆಯಷ್ಟು ಹಳೆಯದಲ್ಲ. 1969ರಲ್ಲಿ ರಷ್ಯಾದಿಂದ ಎಣ್ಣೆ ತಳಿಗಳ ಬೀಜ ಬಂದ ಮೇಲೆಯೇ ಅದು ನಮ್ಮ ದೇಶದ ಹೊಲಗಳಿಗೆ ಇಳಿದದ್ದು.

1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಕಡೆ ಹೊಸ ರೋಗವೊಂದು ಕಂಡಿತು. ಎಲೆ ಸುಟ್ಟಂತಾಗಿ, ದಂಟು ಸೊಟ್ಟಗಾಗಿ, ತೆನೆ ತಿರುಚಿಕೊಳ್ಳುತ್ತಿತ್ತು. ಕೆಲವೇ ವರ್ಷದಲ್ಲಿ ಅದು ನೆರೆ ರಾಜ್ಯಗಳಿಗೂ ಹಬ್ಬಿತು. 2000ರಲ್ಲಿ ಆಂಧ್ರದ ಅನಂತಪುರದಲ್ಲಿ ಸುಮಾರು 2.25 ಲಕ್ಷ ಹೆಕ್ಟೇರ್ ಶೇಂಗಾ ರೋಗಕ್ಕೆ ತುತ್ತಾಯಿತು. ನಷ್ಟದ ಅಂದಾಜು 300 ಕೋಟಿ ರೂಪಾಯಿ. ಶೇಂಗಾಕ್ಕೆ ಮೊದಲಿನಿಂದಲೂ ಬರುವ ಮೊಗ್ಗು ಸಾಯುವ ರೋಗವೇ ಇರಬೇಕೆಂದು ಮೊದಲು ಅಂದುಕೊಂಡರು. ಲಕ್ಷಣ ಹಾಗೇ ಇತ್ತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್‌ನಲ್ಲಿ ಪರೀಕ್ಷೆಗಳು ನಡೆದವು. ಎರಡೂ ಬೆಳೆಯಲ್ಲಿ ಸಿಕ್ಕಿದ್ದು ಒಂದೇ: ಟೊಬ್ಯಾಕೊ ಸ್ಟ್ರೀಕ್ ವೈರಸ್. ಅಮೆರಿಕದ ತಂಬಾಕಿನಲ್ಲಿ 1936ರಲ್ಲೇ ಇದನ್ನು ಗುರುತಿಸಿದ್ದರು. ವೈರಸ್ಸಿನ ಹೊದಿಕೆ ಕಟ್ಟುವ ಜೀನ್ ಓದಿ ನೋಡಿದರೆ ಸೂರ್ಯಕಾಂತಿ, ಹತ್ತಿ, ಹೆಸರು ಬೆಳೆಗಳಲ್ಲಿ ಅಕ್ಷರ ಅಕ್ಷರವೂ ಹೆಚ್ಚುಕಡಿಮೆ ಒಂದೇ. ಬಹಳ ಕಾಲದಿಂದ ಇಲ್ಲೇ ಇದ್ದಿದ್ದರೆ ಊರಿಗೊಂದು ಬಗೆಯಾಗಿ ಬೇರೆಯಾಗಬೇಕಿತ್ತು. ಅಂದರೆ ಒಂದೇ ಬಗೆ, ಇತ್ತೀಚೆಗೆ, ಬೇಗ ಹಬ್ಬಿದೆ ಅನ್ನುವುದೇ ಸರಿಯಾಗಿ ಕೂಡುತ್ತದೆ. ಜೀನ್ ಓದು ಇದರ ಉಲ್ಟಾ ಕೆಲಸವನ್ನೂ ಮಾಡುತ್ತದೆ: ಅಮೆರಿಕದ ಸ್ಟ್ರಾಬೆರಿಯಲ್ಲಿ ಇದೇ ವೈರಸ್ ಇದೆಯೆಂದು ಬಹಳ ವರ್ಷ ನಂಬಿದ್ದರು, 2004ರಲ್ಲಿ ಅದು ಬೇರೆಯೇ ಜಾತಿ ಎಂದು ಗೊತ್ತಾಯಿತು.

ಹಾಗಾದರೆ ಹೊಲಕ್ಕೆ ತಂದವರು ಯಾರು? ಬೀಜವನ್ನು ದೂರಿದವರಿದ್ದರು, ಆದರೆ ಇಲ್ಲಿನ ಪರೀಕ್ಷೆಗಳಲ್ಲಿ ಬೀಜದಿಂದ ಹರಡಿದ್ದು ಕಾಣಲಿಲ್ಲ. ಸಿಕ್ಕಿಬಿದ್ದದ್ದು ಬದುವಿನ ಮೇಲಿನ ಕಾಂಗ್ರೆಸ್ ಕಸ! 1950ರ ದಶಕದಲ್ಲಿ ಪುಣೆಯಲ್ಲಿ ಕಂಡ ಈ ಗಿಡ ವೈರಸ್ ಹೊತ್ತರೂ ಹಸಿರಾಗಿಯೇ ನಿಂತಿರುತ್ತದೆ, ನೋಡಿದರೆ ರೋಗವೇ ಇಲ್ಲ ಅನ್ನಬೇಕು. ವೈರಸ್ ಇರುವುದು ಅದರ ಪರಾಗದಲ್ಲಿ. ಗಾಳಿಗೋ, ಥ್ರಿಪ್ಸ್ ನುಸಿಯ ಮೈಗಂಟಿಯೋ ಪರಾಗ ಬೆಳೆಯ ಎಲೆ ಮೇಲೆ ಬೀಳುತ್ತದೆ. ನುಸಿ ಎಲೆ ಕೆರೆದು ತಿಂದ ಗಾಯದಲ್ಲಿ ವೈರಸ್ ಒಳಗೆ ಹೋಗುತ್ತದೆ.

ಆದ್ದರಿಂದಲೇ ಎಲೆ ಸುಟ್ಟ ಮೇಲೆ ಹೊಡೆಯುವ ಔಷಧ ಹೆಚ್ಚೂಕಡಿಮೆ ದುಡ್ಡು ದಂಡ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳಬೇಕು. ಜೊತೆಗೆ ಸೂರ್ಯಪಾನದ ಹೊಲದ ಸುತ್ತ ಮೂರ್ನಾಲ್ಕು ಸಾಲು ಜೋಳ ಹಾಕಲು ವಿಜ್ಞಾನಿಗಳು ಹೇಳುತ್ತಾರೆ. ಎತ್ತರದ ಜೋಳ ಪರಾಗಕ್ಕೂ ನುಸಿಗೂ ಅಡ್ಡ ನಿಲ್ಲುತ್ತದೆ, ದನಕ್ಕೆ ಕಣಕಿಯೂ ಆಯಿತು.